‘ವೈಸ್’ ಅಂದರೆ ದುಶ್ಚಟವಾ, ಉಪಾಧ್ಯಕ್ಷನಾ, ಇಕ್ಕಳವಾ?

ಬೆಟಗೇರಿ ಡಿಟಿಪಿ:
ನಮ್ಮದು ಗದಗ-ಬೆಟಗೇರಿಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಜಾತ್ರೆಯ ಹ್ಯಾಂಡ್‌ಬಿಲ್, ಇವೇ ಜಾಸ್ತಿ. ಹೋದ ವಾರ ಒಂದು ವರ್ಕ್‌ಶಾಪಿನ ಮಾಲೀಕರು ಬಂದರು. ಕೈಯಲ್ಲಿ ಇಂಗ್ಲಿಷಿನ ಸುರಕ್ಷತಾ ಬೋರ್ಡಿನ ಫೋಟೊ. ‘ಅಕ್ಕಾರ, ಇದನ್ನ ಕನ್ನಡದಾಗ ಮಾಡಿಕೊಡ್ರಿ, ಹುಡುಗರಿಗೆ ತಿಳೀಬೇಕು’ ಅಂದರು. ಆರೇ ಸಾಲು. ಮದುವೆ ಸೀಸನ್, ಹದಿನಾಲ್ಕು ಪತ್ರಿಕೆ ಬಾಕಿ ಇದ್ದವು. ಸುಮ್ನೆ ಮೊಬೈಲಿನ ಅನುವಾದಕ್ಕೆ ಹಾಕಿ, ಬಂದದ್ದನ್ನು ಅಂಟಿಸಿ, ಅಕ್ಷರ ದೊಡ್ಡದು ಮಾಡಿ ಫ್ಲೆಕ್ಸ್ ಹೊಡೆದು ಕೊಟ್ಟೆ. ಓದಿ ನೋಡಲಿಲ್ಲ. ತಪ್ಪು ನನ್ನದೇ.

ಮರುದಿನ ಅವರು ಫ್ಲೆಕ್ಸನ್ನು ಸುರುಳಿ ಸುತ್ತಿಕೊಂಡು ವಾಪಸ್ ಬಂದರು. ಬೈಯಲಿಲ್ಲ. ನಗುತ್ತಿದ್ದರು, ಬೈದಿದ್ದರೇ ಚೆನ್ನಾಗಿತ್ತು. ಮೊದಲ ಸಾಲು ಹೀಗಿತ್ತು: ‘ಉದ್ಯೋಗವನ್ನು ಯಾವಾಗಲೂ ದುಶ್ಚಟದಲ್ಲಿ ಬಿಗಿಯಾಗಿ ಹಿಡಿದಿಡಿ.’ ಎರಡನೆಯದು: ‘ದವಡೆಗಳನ್ನು ಸ್ವಚ್ಛವಾಗಿ ಇಟ್ಟುಕೊಳ್ಳಿ.’ ಹುಡುಗರು ಅದರ ಕೆಳಗೆ ನಿಂತು ಹಲ್ಲು ತೋರಿಸಿಕೊಂಡು ಸೆಲ್ಫಿ ತೆಗೆದುಕೊಂಡಿದ್ದಾರಂತೆ.

ಮೂಲದಲ್ಲಿ ಇರುವುದು ವಿ ಐ ಸಿ ಇ, ವೈಸ್. ನನಗೆ ಗೊತ್ತಿರುವ ವೈಸ್ ಎರಡೇ. ಒಂದು ಕೆಟ್ಟ ಚಟ, ಇನ್ನೊಂದು ವೈಸ್ ಪ್ರಿನ್ಸಿಪಾಲ್. ಮಾಲೀಕರು ‘ಕಬ್ಬಣ ಹಿಡಿಯೋದು ರೀ’ ಅಂದರು. ಹಿಡಿಯೋದು ಅಂದರೆ ಪಕ್ಕಡವಾ, ಇಕ್ಕಳವಾ? ಇದಕ್ಕೆ ಕನ್ನಡದಲ್ಲಿ ಏನು ಬರೆಯಲಿ? ಎರಡನೇ ಫ್ಲೆಕ್ಸಿನ ಖರ್ಚು ನನ್ನ ಮೇಲೇ ಇದೆ, ಈ ಸಲ ತಪ್ಪಬಾರದು.

ಫಿಟ್ಟರ್ ಎರಡನೇ ವರ್ಷ, ಹುಬ್ಬಳ್ಳಿ:
ಅಕ್ಕಾ, ನಕ್ಕು ನಕ್ಕು ಹೊಟ್ಟೆ ನೋವು ಬಂತು. ನಮ್ಮ ಐಟಿಐ ಹಾಸ್ಟೆಲಿನಲ್ಲಿ ಈ ಸಾಲು ಈಗಾಗಲೇ ಗೋಡೆ ಏರಿದೆ.

‘ಉದ್ಯೋಗ’ ಕೂಡ ತಪ್ಪು. ವರ್ಕ್‌ಶಾಪಿನಲ್ಲಿ ಜಾಬ್ ಅಂದರೆ ನೌಕರಿ ಅಲ್ಲ, ನಾವು ಕೊಯ್ಯುವ, ಉಜ್ಜುವ ಕಬ್ಬಿಣದ ತುಂಡು. ದವಡೆ ಅಂದರೆ ವೈಸಿನ ಎರಡು ಬಾಯಿ. ಒಂದೇ ಸಾಲಿನಲ್ಲಿ ಎರಡು ತಪ್ಪು, ಮುಂದಿನ ಸಾಲಿನಲ್ಲಿ ಇನ್ನೊಂದು. ಮೊಬೈಲಿಗೂ ಪಾಪ, ಯಾವ ಶಾಪ್ ಅಂತ ಯಾರೂ ಹೇಳಿರಲಿಲ್ಲ.

ಹಳೇ ಫಿಟ್ಟರ್, ಹುಬ್ಬಳ್ಳಿ:
ತಂಗಿ, ವೈಸ್ ಪಕ್ಕಡ ಅಲ್ಲ. ಪಕ್ಕಡವನ್ನು ನಾವು ಹಿಡಿಯುತ್ತೇವೆ. ವೈಸ್ ನಮ್ಮ ಬದಲು ಹಿಡಿಯುತ್ತದೆ. ಇಷ್ಟು ತಿಳಿದರೆ ಅರ್ಧ ತಿಳಿದಂತೆ.

ಬೆಂಚಿನ ಅಂಚಿಗೆ ಬೋಲ್ಟ್ ಹಾಕಿ ಕೂರಿಸಿದ ಬೀಡು ಕಬ್ಬಿಣದ ಭಾರವಾದ ಸಾಮಾನು. ಒಂದು ಬಾಯಿ ಅಲ್ಲಾಡುವುದಿಲ್ಲ. ಇನ್ನೊಂದು ಮುಂದೆ ಹಿಂದೆ ಸರಿಯುತ್ತದೆ. ನಡುವೆ ದಪ್ಪ ಸ್ಕ್ರೂ, ಅದನ್ನು ಸ್ಪಿಂಡಲ್ ಅನ್ನುತ್ತೇವೆ. ಸ್ಪಿಂಡಲಿನ ತಲೆಯಲ್ಲಿ ತೂತು, ತೂತಿನಲ್ಲಿ ಅಡ್ಡ ಸರಳು, ಸರಳಿನ ಎರಡೂ ತುದಿಗೆ ಗುಂಡು. ಅದೇ ಹ್ಯಾಂಡಲ್. ಜಾಬನ್ನು ಬಾಯಿಗೆ ಕೊಟ್ಟು ತಿರುಗಿಸಿದರೆ ಮುಗೀತು, ಎರಡೂ ಕೈ ಖಾಲಿ. ಕೊಯ್ಯುವ ಹ್ಯಾಕ್ಸಾ ಹಿಡಿ, ಉಜ್ಜುವ ಫೈಲ್ ಹಿಡಿ, ಏನು ಬೇಕಾದರೂ ಮಾಡು.

ಆ ಹ್ಯಾಂಡಲ್ ಸಡಿಲವಾಗಿ ತೂತಿನಲ್ಲಿ ಜಾರುತ್ತಿರುತ್ತದೆ. ಹೊಸಬರು ಅದನ್ನು ನೆಟ್ಟಗೆ ನಿಲ್ಲಿಸಿ ಕೈ ಬಿಟ್ಟರೆ ಸರ್ ಅಂತ ಕೆಳಗೆ ಬಂದು, ಗುಂಡು ಮತ್ತು ಸ್ಪಿಂಡಲ್ ತಲೆಯ ನಡುವೆ ಬೆರಳಿನ ಚರ್ಮ ಸಿಕ್ಕಿಸುತ್ತದೆ. ರಕ್ತ ಬರುವುದಿಲ್ಲ, ಕರ್ರಗೆ ಒಂದು ಗುಳ್ಳೆ ಏಳುತ್ತದೆ, ಹುರುಳಿಕಾಳಿನಷ್ಟು. ಈ ಗುಳ್ಳೆ ಎದ್ದಿಲ್ಲ ಅನ್ನುವ ಫಿಟ್ಟರನ್ನು ನಾನು ನಂಬುವುದಿಲ್ಲ.

ನಮ್ಮ ಮಾವನವರು ಗದಗ ರೋಡಿನ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದರು, 1885ರಲ್ಲಿ ಶುರುವಾದ ವರ್ಕ್‌ಶಾಪ್ ಅದು. ಅವರೂ ವೈಸ್ ಅಂತಲೇ ಅನ್ನುತ್ತಿದ್ದರು. ಬೇರೆ ಮಾತು ನಾನು ಕೇಳಿಲ್ಲ.

ನಿವೃತ್ತ ಇಂಗ್ಲಿಷ್ ಮಾಸ್ತರ್, ಧಾರವಾಡ:
ಪ್ರಶ್ನೆ ಚೆನ್ನಾಗಿದೆ. ಮೂರು ವೈಸ್‌ಗಳೂ ಒಂದೇ ಥರ ಕೇಳಿಸುತ್ತವೆ, ಕನ್ನಡದಲ್ಲಿ ಬರೆದರೂ ಒಂದೇ. ಆದರೆ ಮೂರೂ ಬೇರೆ ಬೇರೆ ಮನೆಯಿಂದ ಬಂದವು.

ಕೆಟ್ಟ ಚಟದ ವೈಸ್ ಲ್ಯಾಟಿನ್ನಿನ ‘ವಿಟಿಯಂ’ನಿಂದ ಬಂತು. ಅದರ ಅರ್ಥ ದೋಷ, ಕುಂದು. ಪ್ರಿನ್ಸಿಪಾಲರ ಹಿಂದೆ ಕೂರುವ ವೈಸ್ ‘ವಿಕಿಸ್’ ಅನ್ನುವುದರಿಂದ, ಬದಲಿಗೆ, ಸ್ಥಾನದಲ್ಲಿ ಅಂತ. ವೈಸ್ ವರ್ಸಾ ಅನ್ನುತ್ತೇವಲ್ಲ, ಅದೂ ಇದೇ ಮನೆಯದು. ಕನ್ನಡದಲ್ಲಿ ಈ ವೈಸ್ ಸಾಮಾನ್ಯವಾಗಿ ‘ಉಪ’ ಆಗುತ್ತದೆ: ಉಪಾಧ್ಯಕ್ಷ, ಉಪನಾಯಕ. ಆದರೆ ನಮ್ಮ ಧಾರವಾಡದ ಯೂನಿವರ್ಸಿಟಿಗೆ ಬಂದು ನೋಡಿ. ವೈಸ್ ಚಾನ್ಸಲರ್ ಅಂದರೆ ಕುಲಪತಿ. ‘ಉಪ’ ಎಲ್ಲಿ ಹೋಯಿತು? ಚಾನ್ಸಲರನ್ನು ಕುಲಾಧಿಪತಿ ಮಾಡಿ ಮೇಲೆ ಕೂರಿಸಿದ್ದರಿಂದ ಇವರಿಗೆ ‘ಉಪ’ದ ಗೊಡವೆ ಬೇಕಾಗಲಿಲ್ಲ. ಹಾಗಾಗಿ ಅಲ್ಲಿ ಕೂಡ ಪದಕ್ಕೆ ಪದ ಹಾಕಿದರೆ ಎಡವುತ್ತೀರಿ.

ಇನ್ನು ನಿಮ್ಮ ಬೆಂಚಿನ ವೈಸ್. ಇದರ ಮೂಲ ಹಳೆಯ ಫ್ರೆಂಚಿನ ‘ವಿಸ್’, ಅಂದರೆ ಸ್ಕ್ರೂ. ಅದರ ಹಿಂದೆ ಲ್ಯಾಟಿನ್ನಿನ ‘ವಿಟಿಸ್’. ವಿಟಿಸ್ ಅಂದರೆ ದ್ರಾಕ್ಷಿ ಬಳ್ಳಿ! ಬಳ್ಳಿಯ ಕುಡಿ ಸುತ್ತಿ ಸುತ್ತಿ ಹಿಡಿಯುತ್ತದಲ್ಲ, ಆ ಸುರುಳಿಯಿಂದ ಸ್ಕ್ರೂಗೆ ಹೆಸರು ಬಂತು. ಹಳೆಯ ಇಂಗ್ಲಿಷಿನವರು ಸುರುಳಿ ಮೆಟ್ಟಿಲಿಗೂ ವೈಸ್ ಅನ್ನುತ್ತಿದ್ದರು. ಆಮೇಲೆ ಸ್ಕ್ರೂವಿನ ಹೆಸರು ಸ್ಕ್ರೂ ಹಾಕಿ ಹಿಡಿಯುವ ಸಾಮಾನಿಗೇ ಅಂಟಿತು. ಇನ್ನೊಂದು ತಮಾಷೆ ಇದೆ. ಇವತ್ತಿನ ಫ್ರೆಂಚಿನಲ್ಲಿ ‘ವಿಸ್’ ಅಂದರೆ ಈಗಲೂ ಸ್ಕ್ರೂ ಮಾತ್ರ, ಈ ಸಾಮಾನಿಗೆ ಅವರು ‘ಎತೋ’ ಅನ್ನುತ್ತಾರೆ. ಕೊಟ್ಟವರ ಮನೆಯಲ್ಲಿ ಒಂದು ಹೆಸರು, ತಂದುಕೊಂಡವರ ಮನೆಯಲ್ಲಿ ಇನ್ನೊಂದು.

ಅಮೆರಿಕದವರು ಗೊಂದಲ ಬೇಡ ಅಂತ ಸಾಮಾನಿಗೆ ವಿ ಐ ಎಸ್ ಇ ಅಂತ ಬರೆದುಕೊಂಡರು, ಚಟಕ್ಕೆ ಸಿ ಉಳಿಸಿದರು. ಬ್ರಿಟಿಷರು ಎರಡಕ್ಕೂ ಸಿ ಹಾಕುತ್ತಾರೆ, ನಾವು ಅವರ ಕೈಯಲ್ಲಿ ಕಲಿತವರು. ನಿಮ್ಮ ಬೋರ್ಡಿನಲ್ಲಿ ಎಸ್ ಇದ್ದಿದ್ದರೆ ಮೊಬೈಲ್ ಇಷ್ಟು ದಾರಿ ತಪ್ಪುತ್ತಿರಲಿಲ್ಲವೇನೋ. ಉಚ್ಚಾರ ಮಾತ್ರ ಎರಡಕ್ಕೂ ‘ವೈಸ್’ ಅಂತಲೇ.

ಕೃಷಿ ಓದುವವ:
ಮಾಸ್ತರ್ರೇ, ದ್ರಾಕ್ಷಿಯ ಸಸ್ಯಶಾಸ್ತ್ರದ ಹೆಸರು ವೈಟಿಸ್ ವಿನಿಫೆರಾ. ಅದೇ ವಿಟಿಸ್ ತಾನೆ? ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದು ಲೇತ್ ಅಂಗಡಿಯಲ್ಲಿ ಸಿಗುತ್ತದೆ ಅಂದುಕೊಂಡಿರಲಿಲ್ಲ.

ನಿವೃತ್ತ ಇಂಗ್ಲಿಷ್ ಮಾಸ್ತರ್, ಧಾರವಾಡ:
ಅದೇ.

ಬೆಟಗೇರಿ ಡಿಟಿಪಿ:
ಇದನ್ನು ಓದಿ ಹಿತ್ತಲಿಗೆ ಹೋಗಿ ಹೀರೇಕಾಯಿ ಬಳ್ಳಿ ನೋಡಿದೆ. ಕುಡಿ ತಂತಿಗೆ ಎಂಟು ಸುತ್ತು ಹಾಕಿತ್ತು, ಸ್ಪ್ರಿಂಗಿನ ಹಾಗೆ. ಬಿಚ್ಚಲು ಹೋದರೆ ಕುಡಿ ಹರಿಯಿತೇ ಹೊರತು ಹಿಡಿತ ಬಿಡಲಿಲ್ಲ. ಅತ್ತೆಯವರು ‘ಮುಂಜಾನೆ ಮುಂಜಾನೆ ಬಳ್ಳಿ ಯಾಕ ಹರೀತಿ?’ ಅಂತ ಕೇಳಿದರು. ಲ್ಯಾಟಿನ್ ಅಂತ ಹೇಳಲಿಲ್ಲ.

ಪ್ಲಂಬರ್, ರಾಣೆಬೆನ್ನೂರು:
ನಾನು ಇಷ್ಟು ದಿನ ವೈಸ್ ಅಂದರೆ ವೈಸ್ ಗ್ರಿಪ್ ಅಂದುಕೊಂಡಿದ್ದೆ. ಪಕ್ಕಡದ ಥರ ಇರುತ್ತದೆ, ಹಿಡಿಯ ಹಿಂದೆ ಒಂದು ಸ್ಕ್ರೂ, ಒತ್ತಿದರೆ ಟಕ್ ಅಂತ ಲಾಕ್ ಆಗುತ್ತದೆ. ನಟ್ಟಿನ ಮೂಲೆ ಸವೆದು ಪಾನಾ ಜಾರಿದಾಗ ಅದೇ ಗತಿ. ಅದೂ ವೈಸೇ ಅಲ್ವಾ?

ಗೋಕುಲ ರೋಡ್ ಲೇತ್:
ಅಣ್ಣಾ, ಅದು ಲಾಕಿಂಗ್ ಪ್ಲಾಯರ್. ವೈಸ್ ಗ್ರಿಪ್ ಅನ್ನುವುದು ಬ್ರ್ಯಾಂಡ್ ಹೆಸರು. ಅಮೆರಿಕದ ನೆಬ್ರಾಸ್ಕಾದಲ್ಲಿ ವಿಲಿಯಂ ಪೀಟರ್ಸನ್ ಅಂತ ಡೆನ್ಮಾರ್ಕಿನಿಂದ ಹೋದ ಕಮ್ಮಾರ ಇದ್ದ. ಬಿಸಿ ಕಬ್ಬಿಣ ಹಿಡಿಯಲು ಕೈ ಸಾಲದೆ ಇಂಥದೊಂದು ಮಾಡಿಕೊಂಡ. ಲಾಕ್ ಆಗುವ ಹಿಡಿಕೆಗೆ 1924ರಲ್ಲಿ ಪೇಟೆಂಟ್ ಸಿಕ್ಕಿತು. ವೈಸಿನ ಹಾಗೆ ಹಿಡಿಯುವ ಪಕ್ಕಡ ಅಂತ ಆ ಹೆಸರು. ಅಮೆರಿಕದ್ದು ಆದ್ದರಿಂದ ಎಸ್ ಹಾಕಿ ಬರೆಯುತ್ತಾರೆ.

ನಿಮ್ಮ ಹತ್ತಿರ ಪೈಪಿಗೆ ಆಟ, ಅಂದರೆ ಸ್ಕ್ರೂವಿನಂಥ ಸುರುಳಿ ಗೀರು, ಹಾಕುವಾಗ ಪೈಪನ್ನು ಹಿಡಿಯುವ ಸಾಮಾನು ಇರುತ್ತದಲ್ಲ, ವಿ ಆಕಾರದ ಬಾಯಿ ಇರುವುದು? ಅದು ಪೈಪ್ ವೈಸ್. ನೀವು ದಿನಾ ವೈಸ್ ಬಳಸುತ್ತಿದ್ದೀರಿ, ಹೆಸರು ಮಾತ್ರ ಬೇರೆಯದಕ್ಕೆ ಕೊಟ್ಟಿದ್ದೀರಿ.

ಪ್ಲಂಬರ್, ರಾಣೆಬೆನ್ನೂರು:
ನಾವು ಅದಕ್ಕೆ ‘ಸ್ಟ್ಯಾಂಡ್’ ಅನ್ನುತ್ತೇವೆ. ಹಿಂಗೂ ಆಗುತ್ತೆ.

ಕುಲುಮೆ, ಹಾವೇರಿ ಕಡೆ:
ನಮ್ಮದು ಮೂರು ತಲೆಮಾರಿನ ಕುಲುಮೆ. ಕುಡ, ಕುಡಗೋಲು, ಕೊಡಲಿ, ಚಕ್ಕಡಿಯ ಅಚ್ಚು. ಇಕ್ಕಳ ನಮ್ಮ ಸಾಮಾನು, ಅದರ ಮಾತು ಬಂತು ಅಂತ ಬರೆಯುತ್ತಿದ್ದೇನೆ.

ಇಕ್ಕಳ ಒಂದೇ ಅಲ್ಲ. ಚಪ್ಪಟೆ ಬಾಯಿಯದು, ಗುಂಡು ಬಾಯಿಯದು, ಕೊಕ್ಕಿನಂಥದು, ನಮ್ಮಲ್ಲಿ ಹನ್ನೊಂದು ಇವೆ. ಕೆಂಪಗೆ ಕಾದ ಕಬ್ಬಿಣ ತಿರುಗಿಸಿ ತಿರುಗಿಸಿ ಬಡಿಯಬೇಕು, ಅದಕ್ಕೆ ಕೈಯೊಳಗಿನ ಇಕ್ಕಳವೇ ಬೇಕು. ಒಂದು ಕಡೆ ಕಚ್ಚಿಕೊಂಡು ಕೂತರೆ ಕೆಲಸ ಆಗುವುದಿಲ್ಲ. ಬಗ್ಗಿಸುವಾಗ, ತಿರುಚುವಾಗ ಮಾತ್ರ ವೈಸ್.

ನಮ್ಮ ವೈಸ್ ಬೆಂಚಿನದಲ್ಲ, ಕಾಲಿನದು, ಲೆಗ್ ವೈಸ್. ಒಂದು ಉದ್ದ ಕಾಲು ನೆಲದವರೆಗೂ ಇಳಿದಿರುತ್ತದೆ. ಸುತ್ತಿಗೆ ಏಟು ಆ ಕಾಲಿನಿಂದ ನೆಲಕ್ಕೆ ಹೋಗುತ್ತದೆ. ಬೀಡಿನದಲ್ಲ, ಬಡಿದು ಮಾಡಿದ ಕಬ್ಬಿಣದ್ದು, ಒಡೆಯುವುದಿಲ್ಲ. ಒಂದೇ ಐಬು. ಕೆಳಗೆ ಕೀಲು ಇರುವುದರಿಂದ ಬಾಯಿ ಅಗಲ ತೆರೆದಷ್ಟೂ ಓರೆಯಾಗುತ್ತದೆ, ದಪ್ಪ ಸಾಮಾನನ್ನು ಪೂರ್ತಿ ಕಚ್ಚುವುದಿಲ್ಲ. ಬೆಂಚ್ ವೈಸಿನ ಬಾಯಿ ಎಷ್ಟು ತೆರೆದರೂ ಎದುರುಬದುರು ನೇರ ಇರುತ್ತದೆ.

ನಮ್ಮ ಅಜ್ಜ ಇದಕ್ಕೂ ಇಕ್ಕಳ ಅನ್ನುತ್ತಿರಲಿಲ್ಲ. ‘ಕಾಲಿಂದು’ ಅನ್ನುತ್ತಿದ್ದ. ‘ಏ, ಕಾಲಿಂದಕ್ಕ ಹಾಕು’ ಅಂದರೆ ಆಯಿತು.

ಕನ್ನಡ ಇರಲಿ:
ಎಲ್ಲದಕ್ಕೂ ಇಂಗ್ಲಿಷ್ ಇಟ್ಟುಕೊಂಡರೆ ಹೇಗೆ? ಸ್ಕ್ರೂಗೆ ತಿರುಪು ಅನ್ನುವ ಒಳ್ಳೆಯ ಮಾತಿದೆ, ಹಿಡಿಯುವುದಕ್ಕೆ ಇಕ್ಕಳ ಇದೆ. ‘ತಿರುಪಿಕ್ಕಳ’ ಅನ್ನೋಣ. ಮಾಸ್ತರರು ಹೇಳಿದ ಮೂಲಕ್ಕೂ ಸರಿ ಹೊಂದುತ್ತದೆ. ಹಿಂದಿಯವರು ಬಾಂಕ್ ಅಂತಾರೆ, ಶಿಕಂಜಾ ಅಂತಾರೆ. ನಮಗೇಕೆ ಇಲ್ಲ? ಕಿಟೆಲ್ ಕೋಶದಲ್ಲಿ ನೋಡಿ, ಇನ್ನೂ ಹಳೆಯದು ಸಿಗಬಹುದು.

ನಿವೃತ್ತ ಇಂಗ್ಲಿಷ್ ಮಾಸ್ತರ್, ಧಾರವಾಡ:
1894ರ ಕಿಟೆಲ್ ಕೋಶ ಕನ್ನಡದಿಂದ ಇಂಗ್ಲಿಷಿಗೆ. ವೈಸ್ ಅಂತ ಹುಡುಕಿದರೆ ಸಿಗುವುದಿಲ್ಲ. ಆದರೆ ತಿರುಪಿಕ್ಕಳ ಕೇಳಲು ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ.

ಹಳೇ ಫಿಟ್ಟರ್, ಹುಬ್ಬಳ್ಳಿ:
ಕೇಳಲು ಚೆನ್ನಾಗಿದೆ ನಿಜ. ಆದರೆ ಅದು ಸುರಕ್ಷತಾ ಬೋರ್ಡು, ಕವನ ಅಲ್ಲ. ಹದಿನೆಂಟು ವರ್ಷದ ಹುಡುಗ ತಿರುಪಿಕ್ಕಳ ಎಲ್ಲಿದೆ ಅಂತ ಹುಡುಕುತ್ತಾ ನಿಂತರೆ? ಅವನಿಗೆ ಗೊತ್ತಿರುವ ಮಾತು ವೈಸ್. ಅವನ ಉಸ್ತಾದ್ ಅನ್ನುವುದು ವೈಸ್. ಅಂಗಡಿಗೆ ಹೋಗಿ ‘ಆರು ಇಂಚಿನ ವೈಸ್ ಕೊಡ್ರಿ’ ಅಂದರೆ ಕೊಡುತ್ತಾರೆ. ಆರು ಇಂಚು ಅಂದರೆ ಬಾಯಿಯ ಅಗಲ, ವೈಸಿನ ಉದ್ದ ಅಲ್ಲ. ಇದೂ ಬಹಳ ಜನಕ್ಕೆ ಗೊತ್ತಿಲ್ಲ.

ಕನ್ನಡ ಬೇಡ ಅಂತಲ್ಲ. ದವಡೆ ತೆಗೆದು ‘ಬಾಯಿ’ ಹಾಕಿ, ಎಲ್ಲರೂ ಅದನ್ನೇ ಅನ್ನುತ್ತಾರೆ. ಬಾಯಿ ಸವೆದಿದೆ, ಬಾಯಿ ಕಚ್ಚುತ್ತಿಲ್ಲ. ಅದಕ್ಕಿಂತ ಕನ್ನಡ ಇನ್ನೇನು ಬೇಕು?

ಕನ್ನಡ ಇರಲಿ:
ಬಸ್ಸು, ಪೆನ್ನು ಹಾಗೆ ವೈಸೂ ಕನ್ನಡವಾಯಿತು ಅನ್ನುತ್ತೀರಿ. ಸರಿ. ಬ್ರ್ಯಾಕೆಟಿನಲ್ಲಾದರೂ ಹಾಕಿ.

ಹಳೇ ಫಿಟ್ಟರ್, ಹುಬ್ಬಳ್ಳಿ:
ಫ್ಲೆಕ್ಸ್ ದೊಡ್ಡದಿದ್ದರೆ ಹಾಕಲಿ, ನನ್ನದೇನು ಜಗಳ ಇಲ್ಲ.

ಬೆಟಗೇರಿ ಡಿಟಿಪಿ:
ಮೂರು ಅಡಿಗೆ ಎರಡು ಅಡಿ. ಜಾಗ ಇಲ್ಲ ಸರ್, ಬೇಜಾರಾಗಬೇಡಿ.

ಇನ್ನೊಂದು ಸಾಲು ಅರ್ಥ ಆಗಲಿಲ್ಲ. ‘ವೈಸ್ ಹ್ಯಾಂಡಲಿಗೆ ಪೈಪ್ ವಿಸ್ತರಣೆ ಮಾಡಬೇಡಿ’ ಅಂತ ಬಂದಿದೆ. ಪೈಪ್ ಯಾಕೆ?

ಹಳೇ ಫಿಟ್ಟರ್, ಹುಬ್ಬಳ್ಳಿ:
ಇದನ್ನು ದೊಡ್ಡ ಅಕ್ಷರದಲ್ಲಿ ಹಾಕು ತಂಗಿ.

ಜಾಬ್ ಇನ್ನೂ ಬಿಗಿ ಆಗಲಿ ಅಂತ ಹುಡುಗರು ಹ್ಯಾಂಡಲಿಗೆ ಎರಡು ಅಡಿ ಜಿಐ ಪೈಪ್ ತೂರಿಸಿ ಜಗ್ಗುತ್ತಾರೆ. ನಾನು ಹಿಂದೆ ಒಂದು ಕಾರ್ಖಾನೆಯಲ್ಲಿದ್ದಾಗ ಹೊಸ ಹುಡುಗ ಹೀಗೇ ಜಗ್ಗಿದ. ಹಿಂದೆಯೇ ನಿಂತಿದ್ದೆ, ನೋಡಲಿಲ್ಲ. ಠಣ್ ಅಂತ ಅಲ್ಲ, ಮಡಕೆ ಒಡೆದ ಹಾಗೆ ಮಂದ ಸಪ್ಪಳ. ಮುಂದಿನ ಬಾಯಿ ಅರ್ಧ ಒಡೆದು ಕಾಲ ಬಳಿ ಬಿತ್ತು, ಬೂಟಿನ ತುದಿಯಿಂದ ನಾಲ್ಕು ಬೆರಳು ದೂರ. ಒಡೆದ ಜಾಗ ಬೂದುಬಣ್ಣ, ಸಕ್ಕರೆ ಹರಳಿನ ಹಾಗೆ ಕಾಳುಕಾಳು. ಬೀಡಿನ ಗುಣವೇ ಅದು. ಭಾರ ತಡೆಯುತ್ತದೆ, ಬಗ್ಗುವುದಿಲ್ಲ, ಎಚ್ಚರಿಕೆ ಕೊಡದೆ ಒಡೆಯುತ್ತದೆ. ಹುಡುಗನ ಪಗಾರದಲ್ಲಿ ಹಿಡಿಯುತ್ತೇವೆ ಅಂದರು. ಪೈಪ್ ಅಲ್ಲೇ ಬಿದ್ದಿರಲು ಬಿಟ್ಟವರು ಯಾರು ಅಂತ ನಾನು ಕೇಳಿದೆ. ಆಮೇಲೆ ಬಿಟ್ಟರು.

ಸುತ್ತಿಗೆಯಿಂದ ಹ್ಯಾಂಡಲಿಗೆ ಬಡಿಯುವುದೂ ಅದೇ ತಪ್ಪು. ಕೈಯಿಂದ ಎಷ್ಟಾಗುತ್ತದೋ ಅಷ್ಟು ಸಾಕು.

ಗೋಕುಲ ರೋಡ್ ಲೇತ್:
ಕೈ ಯಾಕೆ ಸಾಕು ಅಂತ ಲೆಕ್ಕ ಹಾಕಿ ನೋಡಿ. ಸ್ಪಿಂಡಲಿನ ನಡುವಿನಿಂದ 200 ಮಿಲಿಮೀಟರ್ ದೂರದಲ್ಲಿ ಹ್ಯಾಂಡಲ್ ಹಿಡಿದಿದ್ದೀರಿ ಅನ್ನಿ. ಒಂದು ಸುತ್ತು ತಿರುಗಿಸಿದರೆ ಕೈ ಸುಮಾರು 1256 ಮಿಲಿಮೀಟರ್ ಹೋಗುತ್ತದೆ. ಸ್ಕ್ರೂವಿನ ಆಟದ ಅಂತರ 5 ಮಿಲಿಮೀಟರ್ ಇದ್ದರೆ ಬಾಯಿ ಸರಿಯುವುದು ಬರೀ 5. ಅಂದರೆ ಸುಮಾರು 250 ಪಟ್ಟು. 10 ಕೆಜಿ ಬಲಕ್ಕೆ ಲೆಕ್ಕದ ಪ್ರಕಾರ ಎರಡೂವರೆ ಟನ್ ಹಿಡಿತ!

ನಿಜವಾಗಿ ಅಷ್ಟು ಬರುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ತಿಕ್ಕಾಟ ತಿಂದುಹಾಕುತ್ತದೆ. ಆದರೆ ಅದು ನಷ್ಟ ಅಲ್ಲ. ತಿಕ್ಕಾಟ ಅಷ್ಟು ತಿನ್ನುವುದರಿಂದಲೇ ನೀವು ಹ್ಯಾಂಡಲ್ ಬಿಟ್ಟರೂ ಸ್ಕ್ರೂ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ತಿಕ್ಕಾಟ ಇಲ್ಲದ ಸ್ಕ್ರೂ ಹಾಕಿದರೆ ಕೈ ಬಿಟ್ಟ ಕೂಡಲೇ ಜಾಬ್ ಕೆಳಗೆ.

ಸ್ಪಿಂಡಲಿನ ಆಟ ಸಾಮಾನ್ಯ ಬೋಲ್ಟಿನ ಹಾಗೆ ಚೂಪು ಇರುವುದಿಲ್ಲ, ಚೌಕ ಇರುತ್ತದೆ. ಭಾರ ಎಳೆಯುವ ಕೆಲಸಕ್ಕೆ ಚೌಕವೇ. ವರ್ಷಕ್ಕೆ ನಾಲ್ಕು ಸಲ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ. ಯಾರೂ ಹಚ್ಚುವುದಿಲ್ಲ, ಅದು ಬೇರೆ ಮಾತು.

ಫಿಟ್ಟರ್ ಎರಡನೇ ವರ್ಷ, ಹುಬ್ಬಳ್ಳಿ:
‘ಸಾಫ್ಟ್ ಜಾಸ್’ ಅಂತ ಬಂದಿದ್ದರೆ ಅಕ್ಕಾ, ಅದನ್ನು ‘ಮೃದು ದವಡೆ’ ಮಾಡಬೇಡಿ, ಕೈ ಮುಗಿಯುತ್ತೇನೆ. ವೈಸಿನ ಬಾಯಿಗೆ ಗೀರು ಗೀರು ಇರುವ ಗಟ್ಟಿ ಉಕ್ಕಿನ ಪಟ್ಟಿ ಇರುತ್ತದೆ, ಜಾಬ್ ಜಾರದಿರಲು. ಫಿನಿಶ್ ಆದ ಜಾಬ್ ಹಿಡಿದರೆ ಆ ಗೀರು ಅದರ ಮೇಲೂ ಬೀಳುತ್ತದೆ. ಅದಕ್ಕೆ ಅಲ್ಯೂಮಿನಿಯಂ ಅಥವಾ ತಾಮ್ರದ ತಗಡು ಮಡಚಿ ಬಾಯಿಗೆ ಹಾಕುತ್ತೇವೆ. ತಗಡು ಹಾಕಿ ಅಂತ ಬರೆದರೆ ಸಾಕು.

ಪತ್ರಿಕೆಯ ಡೆಸ್ಕಿನವ, ಹುಬ್ಬಳ್ಳಿ:
ನನಗೂ ಈ ವೈಸ್ ಕಾಟ ಕೊಡುತ್ತದೆ. ಇಂಗ್ಲಿಷ್ ಸುದ್ದಿಯಲ್ಲಿ ‘ವೈಸ್ ಲೈಕ್ ಗ್ರಿಪ್’ ಅಂತ ಬರುತ್ತದೆ. ಹೊಸಬನೊಬ್ಬ ಒಮ್ಮೆ ‘ಉಪಾಧ್ಯಕ್ಷರಂಥ ಹಿಡಿತ’ ಅಂತ ಮಾಡಿದ್ದ. ರಾತ್ರಿ ಹನ್ನೊಂದಕ್ಕೆ ಪುಟ ಹೋಗುವ ಮೊದಲು ಕಣ್ಣಿಗೆ ಬಿತ್ತು, ಬಚಾವ್. ನಾವು ಕೆಲವರು ‘ಅಡಕತ್ತರಿ’ ಹಾಕುತ್ತೇವೆ, ‘ಅಡಕತ್ತರಿಯಲ್ಲಿ ಸಿಕ್ಕ ಅಡಕೆ’ ಅಂತ. ಸರಿ ಆಗುತ್ತದಾ?

ಕುಲುಮೆ, ಹಾವೇರಿ ಕಡೆ:
ಅಡಕತ್ತರಿ ಕತ್ತರಿಸುತ್ತದೆ ರೀ. ವೈಸ್ ಕತ್ತರಿಸುವುದಿಲ್ಲ, ಹಿಡಿದು ಕೂರುತ್ತದೆ. ಎರಡು ಕಡೆಯಿಂದ ಕಷ್ಟಕ್ಕೆ ಸಿಕ್ಕವನಿಗೆ ಅಡಕತ್ತರಿ ಸರಿ. ಬಿಡದ ಹಿಡಿತಕ್ಕೆ ಉಡ ಇದೆಯಲ್ಲ. ಉಡದ ಪಟ್ಟು.

ಪತ್ರಿಕೆಯ ಡೆಸ್ಕಿನವ, ಹುಬ್ಬಳ್ಳಿ:
ಉಡದ ಪಟ್ಟು! ಇಷ್ಟು ವರ್ಷ ಬಾಯಲ್ಲೇ ಇತ್ತು, ಹೊಳೆದಿರಲಿಲ್ಲ. ನಾಳೆಯಿಂದ ಇದೇ.

ಬೆಟಗೇರಿ ಡಿಟಿಪಿ:
ಎಲ್ಲರ ಮಾತು ಸೇರಿಸಿ ಬರೆದಿದ್ದೇನೆ, ನೋಡಿ:

ಜಾಬನ್ನು ಯಾವಾಗಲೂ ವೈಸಿನಲ್ಲಿ ಬಿಗಿಯಾಗಿ ಹಿಡಿಸಿ.
ವೈಸಿನ ಬಾಯಿ ಒರೆಸಿ ಇಡಿ.
ಫಿನಿಶ್ ಆದ ಜಾಬಿಗೆ ತಗಡು ಹಾಕಿ.
ಹ್ಯಾಂಡಲಿಗೆ ಪೈಪ್ ಹಾಕಬೇಡಿ, ಸುತ್ತಿಗೆಯಿಂದ ಬಡಿಯಬೇಡಿ. ವೈಸ್ ಒಡೆಯುತ್ತದೆ.
ಸ್ಪಿಂಡಲಿಗೆ ಗ್ರೀಸ್ ಹಚ್ಚಿ.
ಕೆಲಸ ಮುಗಿದ ಮೇಲೆ ಬಾಯಿ ಮುಚ್ಚಿ.

ಹಳೇ ಫಿಟ್ಟರ್, ಹುಬ್ಬಳ್ಳಿ:
ಚೆನ್ನಾಗಿದೆ. ಕೊನೆಯ ಸಾಲು ಒಮ್ಮೆ ಓದಿ ನೋಡು ತಂಗಿ.

ಫಿಟ್ಟರ್ ಎರಡನೇ ವರ್ಷ, ಹುಬ್ಬಳ್ಳಿ:
ಅಯ್ಯೋ, ಇದೂ ಹಾಸ್ಟೆಲ್ ಗೋಡೆಗೆ.

ಬೆಟಗೇರಿ ಡಿಟಿಪಿ:
‘ವೈಸಿನ ಬಾಯಿ’ ಅಂತ ತಿದ್ದಿದೆ. ಪೂರ್ತಿ ಮುಚ್ಚಬೇಕಾ, ಸ್ವಲ್ಪ ಬಿಡಬೇಕಾ?

ಹಳೇ ಫಿಟ್ಟರ್, ಹುಬ್ಬಳ್ಳಿ:
ಬಿಗಿ ಮಾಡಬೇಡ. ಒಂದು ಕೂದಲೆಳೆ ಬಿಟ್ಟು ಹ್ಯಾಂಡಲ್ ಕೆಳಮುಖ ಮಾಡಿ ಇಡಬೇಕು. ಇಲ್ಲದಿದ್ದರೆ ಹೋಗುವವರ ತೊಡೆಗೆ ಬಡಿಯುತ್ತದೆ.

ಬೆಟಗೇರಿ ಡಿಟಿಪಿ:
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೊಸ ಬೋರ್ಡ್ ಕೊಟ್ಟು ಬಂದೆ. ಮಾಲೀಕರು ಓದಿ ಒಂದೇ ತಿದ್ದುಪಡಿ ಹೇಳಿದರು, ‘ಜಾಬ್’ ಬೇಡ, ‘ಮಾಲು’ ಅನ್ನಿ, ನಮ್ಮ ಹುಡುಗರು ಹಾಗೇ ಅನ್ನೋದು ಅಂತ. ಫ್ಲೆಕ್ಸ್ ಆಗಿಹೋಗಿತ್ತು. ಸ್ಟಿಕರ್ ಮಾಡಿ ಎರಡು ಕಡೆ ಅಂಟಿಸಿದೆ.

ವೈಸನ್ನು ಮೊದಲ ಸಲ ಕೈಯಲ್ಲಿ ತಿರುಗಿಸಿದೆ. ಒಂದು ಹಳೆಯ ಬೋಲ್ಟ್ ಕೊಟ್ಟು ಹಿಡಿಸಿ ಅಂದರು, ಹಿಡಿಸಿದೆ, ಎರಡೂ ಕೈಯಿಂದ ಎಳೆದರೂ ಬರಲಿಲ್ಲ. ಖುಷಿಯಾಗಿ ಹ್ಯಾಂಡಲ್ ಬಿಟ್ಟೆ. ಕಿರುಬೆರಳ ಬುಡದಲ್ಲಿ ಈಗ ಕರ್ರಗೆ ಒಂದು ಗುಳ್ಳೆ ಇದೆ, ಹುರುಳಿಕಾಳಿನಷ್ಟು.